ತುಂಗವ್ವನ ಮನೆಯಿಂದ ಎದ್ದು ಬರುವುದು

ನಾನು ಬರೆದದ್ದರಲ್ಲಿ ಅತ್ಯುತ್ತಮ ಸಾಲು ಯಾವುದು ಎಂದು ಈಗ ಯಾರಾದರೂ ಕೇಳಿದರೆ ಹೇಳುವಷ್ಟು ಧೈರ್ಯ ಬಂದಿದೆ. ಕಳೆದ ಶ್ರಾವಣದಲ್ಲಿ ಕೇಳಿದ್ದರೆ ಮಾತು ಬದಲಿಸಿ ಎದ್ದು ಹೋಗುತ್ತಿದ್ದೆ. ಆ ಒಂದು ಸಾಲಿನ ದೆಸೆಯಿಂದ ನನ್ನ ಸ್ವಂತ ಅಕ್ಕನ ಬಲಗೈ ಕಾಯಂ ಆಗಿ ಹೋಗುವುದರಲ್ಲಿತ್ತು.

ಅಕ್ಕನ ಹೆಸರು ನೀಲಾಂಬಿಕಾ. ಧಾರವಾಡದ ಹೊಸಯಲ್ಲಾಪುರದಲ್ಲಿ ಎಲ್ಲರ ಬಾಯಲ್ಲೂ ನೀಲಕ್ಕ. ಮನೆಯ ಮುಂಭಾಗದಲ್ಲೇ ಅವಳ ಖಾನಾವಳಿ. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುತ್ತಿದ್ದ ಕೈ ಅವಳದು. ಆ ಸಪ್ಪಳ ಕೇಳಿ ಓಣಿಯವರು ಗಡಿಯಾರ ನೋಡದೆ ಹೊತ್ತು ಹೇಳುತ್ತಿದ್ದರು. ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಹಂಚಿನ ಮುಂದೆ ಕೂತವಳು ಹಾಗೇ ಬಲಕ್ಕೆ ವಾಲಿದಳು. ಲಕ್ವಾ ಹೊಡೆದಿತ್ತು. ಮಾತು ಹದಿನೈದು ದಿನಕ್ಕೆ ಮರಳಿತು, ಕಾಲು ಎರಡು ತಿಂಗಳಿಗೆ ಮರಳಿತು. ಬಲಗೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಅವಳ ಗಂಡ ಶಿವಲಿಂಗಪ್ಪ ಮಾಮಾ ಬೇರೆ ಕಡೆಯಿಂದ ರೊಟ್ಟಿ ತರಿಸಿ ಖಾನಾವಳಿ ನಡೆಸುತ್ತಿದ್ದರು. ಆ ರೊಟ್ಟಿಯನ್ನು ಅಕ್ಕ ಮುಟ್ಟಿಯೂ ನೋಡುತ್ತಿರಲಿಲ್ಲ.

ನಾನು ಕೆಲಸ ಮಾಡುತ್ತಿದ್ದುದು ಊರ ಹೊರಗಿನ ಒಂದು ಚಿಕಿತ್ಸಾ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿ ಡಾಕ್ಟರ್ ಶಿರಹಟ್ಟಿ ಎಂಬುವರು ಲಕ್ವಾ ಹೊಡೆದವರ ಕೈಗೆಂದು ಒಂದು ಗವಸು ಮಾಡಿದ್ದರು. ಮೊಣಕೈವರೆಗೆ ಬರುವ ತೆಳು ಗವಸು. ಬೆರಳು ಎತ್ತಬೇಕೆಂದು ಮಿದುಳು ಬಯಸಿದಾಗ ನರದಲ್ಲಿ ಏಳುವ ಕ್ಷೀಣ ಮಿಡಿತವನ್ನು ಅದು ಹಿಡಿಯುತ್ತದೆ. ಹಿಡಿದು, ಎಷ್ಟು ಬೇಕೋ ಅಷ್ಟೇ ಬಲ ಕೂಡಿಸಿ ಬೆರಳನ್ನು ಎತ್ತುತ್ತದೆ. ತಾನೇ ಎತ್ತಿದೆನೆಂದು ಮಿದುಳು ನಂಬುತ್ತದೆ, ಮರೆತ ದಾರಿಯನ್ನು ನಿಧಾನಕ್ಕೆ ಮತ್ತೆ ಕಲಿಯುತ್ತದೆ. ಇದಕ್ಕೆ ಎರಡು ಕಟ್ಟಳೆಗಳಿದ್ದವು. ಲಕ್ವಾ ಹೊಡೆದ ಆರು ತಿಂಗಳೊಳಗೆ ಕಲಿಯಬೇಕು. ದಿನಕ್ಕೆ ನಲವತ್ತೈದು ನಿಮಿಷ ಮಾತ್ರ ಕಲಿಯಬೇಕು. ಅದಕ್ಕಿಂತ ಹೆಚ್ಚಾದರೆ ನರ ದಣಿಯುತ್ತದೆ, ದಣಿದಷ್ಟೂ ಗವಸು ಹೆಚ್ಚು ಬಲ ಕೊಡುತ್ತದೆ, ಕೊನೆಗೆ ಎಲ್ಲವನ್ನೂ ಗವಸೇ ಮಾಡಲಿ ಎಂದು ಮಿದುಳು ಆರಾಮಾಗಿ ಕೂತುಬಿಡುತ್ತದೆ. ಒಮ್ಮೆ ಹಾಗೆ ಕೂತ ಮಿದುಳನ್ನು ಎಬ್ಬಿಸುವುದು ಕಷ್ಟ.

ಗವಸಿನ ಜೊತೆಗೆ ಒಂದು ಕನ್ನಡಕ, ಕನ್ನಡಕದಲ್ಲಿ ಒಂದು ಆಟ. ಮೊದಲಿದ್ದ ಆಟ ಬಲು ನೀರಸ: ಮಾವಿನಹಣ್ಣು ಕೀಳು, ಬುಟ್ಟಿಗೆ ಹಾಕು, ಶಭಾಶ್. ನಾಲ್ಕನೆಯ ದಿನಕ್ಕೆ ರೋಗಿಗಳು ಕನ್ನಡಕವನ್ನು ಮೂಲೆಗೆ ಎಸೆಯುತ್ತಿದ್ದರು. ಆಗ ನಾಟಕಗಳಿಗೆ ಸಂಭಾಷಣೆ ಬರೆಯುವವಳೆಂದು ನನ್ನನ್ನು ಕೆಲಸಕ್ಕೆ ಕರೆದರು. ನಾನು ತುಂಗವ್ವನನ್ನು ಬರೆದೆ.

ತುಂಗವ್ವ ಆಟದೊಳಗಿನ ಮನೆಯೊಡತಿ. ಆಡುವವರು ಅವಳ ಮನೆಗೆ ಬಂದ ಅತಿಥಿ. ಅವಳು ಮಾತಾಡುತ್ತ ಕೆಲಸ ಹಚ್ಚುತ್ತಾಳೆ: ಶೇಂಗಾ ಆರಿಸುವುದು, ಬಳ್ಳೊಳ್ಳಿ ಸುಲಿಯುವುದು, ಹಿಟ್ಟು ನಾದುವುದು. ಎಲ್ಲವೂ ಬೆರಳಿನ ಕೆಲಸವೇ. ಆದರೆ ಅವಳ ನಿಜವಾದ ಗುಣ ಬೇರೆ. ತಾನೊಂದು ಆಟದಲ್ಲಿದ್ದೇನೆಂದು ಅವಳಿಗೆ ಗೊತ್ತು. "ಈ ಬುಟ್ಟಿ ಮುಗಿಸಿದ್ರ ಮತ್ತೊಂದು ಬುಟ್ಟಿ ಬರತೈತಿ. ನನಗೂ ಗೊತ್ತೈತಿ, ನಿಮಗೂ ಗೊತ್ತೈತಿ. ಬರದಾವ್ರಿಗೆ ಬ್ಯಾರೆ ಏನೂ ಹೊಳದಿಲ್ಲ" ಎನ್ನುತ್ತಾಳೆ. ಯಾರಾದರೂ ಹಿತ್ತಿಲ ಬಾಗಿಲ ಕಡೆ ನೋಡಿದರೆ, ಅದನ್ನು ತೆಗೆಯಬೇಡಿ, ಅದರ ಹಿಂದೆ ಏನೂ ಇಲ್ಲ, ಚಿತ್ರ ಬಿಡಿಸುವುದು ಮರೆತಿದ್ದಾರೆ ಎಂದು ನಗುತ್ತಾಳೆ. ನಿನ್ನೆ ಹನ್ನೆರಡೇ ನಿಮಿಷಕ್ಕೆ ಎದ್ದು ಹೋದವರಿಗೆ ಇಂದು ಅದನ್ನೇ ಹೇಳಿ ಚುಡಾಯಿಸುತ್ತಾಳೆ.

ನಮ್ಮ ಕಡೆಯ ಜನಪದ ನಾಟಕ ಸಣ್ಣಾಟದಲ್ಲಿ ರಾಜನ ಕಿರೀಟ ಜಾರಿದಾಗ ಅವನು ಜನರ ಕಡೆ ತಿರುಗಿ ದಾರ ಸಡಿಲಾಗಿದೆ ಎಂದು ಹೇಳಿ ಮತ್ತೆ ಗದರಲು ತೊಡಗುತ್ತಾನೆ. ಅದರಿಂದ ಆಟ ಕೆಡುವುದಿಲ್ಲ, ಜನ ಇನ್ನೂ ಹತ್ತಿರ ಜರುಗಿ ಕೂರುತ್ತಾರೆ. ಸುಳ್ಳನ್ನು ಒಬ್ಬರು ಹೇಳಿ ಇನ್ನೊಬ್ಬರು ನಂಬುವುದಕ್ಕಿಂತ ಇಬ್ಬರೂ ಸೇರಿ ಹೇಳುವುದರಲ್ಲಿ ಸುಖ ಹೆಚ್ಚು. ನಾನು ನಂಬಿದ್ದು ಅದನ್ನೇ, ಮತ್ತು ಅದು ಫಲಿಸಿತು. ನಲವತ್ತು ಮನೆಗಳಿಗೆ ಕನ್ನಡಕ ಹೋದವು. ಆ ಪಟ್ಟಿಯಲ್ಲಿ ಅಕ್ಕನ ಹೆಸರೂ ಇತ್ತು. ಆರಿಸಿದವರು ಡಾಕ್ಟರು, ನಾನು ಬಾಯಿ ಹಾಕಿರಲಿಲ್ಲ. ಮೊದಲ ಮೂರು ವಾರ ಒಬ್ಬರೂ ಬಿಟ್ಟು ಹೋಗಲಿಲ್ಲ. ಅಕ್ಕನ ಹೆಬ್ಬೆರಳು ಅಲುಗಿತು. ಮಾಮಾ ಅಂದೇ ಫೋನ್ ಮಾಡಿ ಅದನ್ನು ಎರಡೆರಡು ಸಲ ಹೇಳಿದರು.

ಅತ್ಯುತ್ತಮ ಸಾಲು ಬರುವುದು ಆಟದ ಕೊನೆಗೆ. ಆಡುವವರು ಕನ್ನಡಕ ಬಂದ್ ಮಾಡಲು ಕೈ ಎತ್ತಿದಾಗ ತುಂಗವ್ವ ಹೇಳುತ್ತಾಳೆ: "ನೀವು ಬಂದ್ ಮಾಡಿದ್ರ ನಾನು ಇರಂಗಿಲ್ಲ. ಇರಲಿ, ನಾಳೆ ಬರ್ರಿ."

ಇದನ್ನು ಓದಿದಾಗ ಇಡೀ ಪ್ರಯೋಗಾಲಯ ಇನ್ನೊಮ್ಮೆ ಓದಿಸಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ನಾಲ್ಕನೆಯ ವಾರ ನಿಯಂತ್ರಣ ಕೋಣೆಯಲ್ಲಿ ಇರ್ಫಾನ್ ಮುಲ್ಲಾ ತಲೆ ಕೆರೆದುಕೊಳ್ಳುತ್ತಿದ್ದ. ಆಟದ ಒಳಗಿನ ಲೆಕ್ಕಾಚಾರವೆಲ್ಲ ಅವನದು, ಬಹಳ ತಾಳ್ಮೆಯ ಮನುಷ್ಯ. ಗೋಡೆಯ ಪರದೆಯ ಮೇಲೆ ನಲವತ್ತು ಮನೆಗಳಿಗೆ ನಲವತ್ತು ದೀಪ. ಆಟ ಶುರುವಾದರೆ ಹಸಿರು, ಮುಗಿದರೆ ಆರುತ್ತದೆ. ಹದಿನೇಳು ದೀಪಗಳು ಬೆಳಿಗ್ಗೆಯಿಂದ ಸಂಜೆಯವರೆಗೂ ಹಸಿರಾಗಿಯೇ ಇದ್ದವು. ಒಂಬತ್ತು ಗಂಟೆ, ಹತ್ತು ಗಂಟೆ, ಹನ್ನೊಂದು ಗಂಟೆ. ಯಂತ್ರದ ಗಡಿಯಾರ ಕೆಟ್ಟಿರಬೇಕೆಂದು ಅವನು ಎಲ್ಲವನ್ನೂ ಬಿಚ್ಚಿ ನೋಡಿದ. ಗಡಿಯಾರ ಸರಿಯಾಗಿತ್ತು. ಇನ್ನೊಂದು ವಿಚಿತ್ರವೂ ಇತ್ತು: ಇಪ್ಪತ್ತೆರಡನೆಯ ಮನೆಯಲ್ಲಿ ದಿನಾಲೂ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಸರಿಯಾಗಿ, ಕನ್ನಡಕ ಗುರುತಿಸುವ ಆಡುವವರ ಕಣ್ಣು ಬದಲಾಗುತ್ತಿತ್ತು, ಕಾಲು ಗಂಟೆಯ ಬಳಿಕ ಮತ್ತೆ ಹಳೆಯ ಕಣ್ಣೇ ಬರುತ್ತಿತ್ತು. ಇಪ್ಪತ್ತೆರಡು ನಮ್ಮ ಅಕ್ಕನ ಮನೆ.

ಡಾಕ್ಟರ್ ಶಿರಹಟ್ಟಿಯವರಿಗೆ ಅಂಕೆಗಳೇ ಸಾಕಾಗಿದ್ದವು. ಆ ಹದಿನೇಳು ಜನರ ಕೈ ಹಿಂದಕ್ಕೆ ಹೋಗತೊಡಗಿತ್ತು. ಅಕ್ಕನ ಹೆಬ್ಬೆರಳು ಗವಸಿಲ್ಲದೆ ಅಲುಗುವುದನ್ನು ನಿಲ್ಲಿಸಿತ್ತು.

ಮರುದಿನ ಮುಂಜಾನೆ ಏಳೂವರೆಗೇ ಹೊಸಯಲ್ಲಾಪುರಕ್ಕೆ ಹೋದೆ. ಪಡಸಾಲೆಯಲ್ಲಿ ಶಿವಲಿಂಗಪ್ಪ ಮಾಮಾ ಬನಿಯನ್ ಮೇಲೆ, ಹೆಂಡತಿಯ ಕನ್ನಡಕ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಅಕ್ಕ ಜಳಕಕ್ಕೆ ಹೋಗಿದ್ದಳು. ಇದೇನು ಎಂದು ಕೇಳಿದೆ. ಮಾಮಾ ಸಣ್ಣ ದನಿಯಲ್ಲಿ ಹೇಳಿದರು, "ಆಕಿನ್ನ ಒಬ್ಬಾಕಿನ್ನ ಬಿಟ್ಟು ಹೆಂಗ ಏಳೂದು. ನಿಮ್ಮಕ್ಕ ಬರೂತನಕಾ ನಾ ಕುಂದರ್ತೀನಿ."

ಜಳಕ ಮುಗಿಸಿ ಬಂದ ಅಕ್ಕ ಎಲ್ಲವನ್ನೂ ವಿವರಿಸಿದಳು. ತುಂಗವ್ವ ಒಳ್ಳೆಯ ಹೆಣ್ಣುಮಗಳು. ಬಂದ್ ಮಾಡಿದರೆ ಅವಳು ಇರುವುದಿಲ್ಲವೆಂದು ಅವಳೇ ಹೇಳಿದ್ದಾಳೆ. ಹಾಗೆ ಹೇಳಿದ ಮೇಲೆ ಬಂದ್ ಮಾಡಲು ಯಾರಿಗೆ ಮನಸ್ಸು ಬರುತ್ತದೆ? ರಾತ್ರಿ ಮಲಗುವಾಗ ಅಕ್ಕ ವಿಧಿಯಿಲ್ಲದೆ ಬಂದ್ ಮಾಡುತ್ತಾಳೆ, ಅದಕ್ಕೂ ಮುಂಚೆ ಹತ್ತು ಸಲ ಕ್ಷಮೆ ಕೇಳುತ್ತಾಳೆ. ಉಳಿದ ಹದಿನಾರು ಮನೆಗಳಲ್ಲೂ ಕತೆ ಹೆಚ್ಚು ಕಡಿಮೆ ಇದೇ ಆಗಿತ್ತು. ಒಬ್ಬ ನಿವೃತ್ತ ಪೋಸ್ಟ್‌ಮಾಸ್ತರರು ಮದುವೆಮನೆಗೂ ಕನ್ನಡಕ ಹಾಕಿಕೊಂಡೇ ಹೋಗಿದ್ದರು.

ನಾನು ನಗಬೇಕೋ ಅಳಬೇಕೋ ತಿಳಿಯದೆ ಪ್ರಯೋಗಾಲಯಕ್ಕೆ ಓಡಿದೆ. ಅಂದೇ ಸಾಲು ಬದಲಿಸಿದೆ. ಈಗ ತುಂಗವ್ವ ಹೀಗೆ ಹೇಳುತ್ತಿದ್ದಳು: ನಾನು ಬರೀ ಒಂದು ಪ್ರೋಗ್ರಾಂ, ನನಗೆ ನೋವಿಲ್ಲ, ಬೇಸರವಿಲ್ಲ, ಆರಾಮಾಗಿ ಬಂದ್ ಮಾಡಿ.

ಮರುದಿನ, ದಿನವಿಡೀ ಉರಿಯುವ ಹಸಿರು ದೀಪ ಹದಿನೇಳಿದ್ದದ್ದು ಇಪ್ಪತ್ಮೂರಾಯಿತು.

ಅಕ್ಕನಿಗೆ ಫೋನ್ ಮಾಡಿ ಕೇಳಿದರೆ ಅವಳಿಗೆ ನನ್ನ ದಡ್ಡತನವೇ ಆಶ್ಚರ್ಯವಾಗಿತ್ತು. ಊಟಕ್ಕೆ ಕೂತವರು ಸಾಕು ಸಾಕು ಎಂದರೆ ಯಾರಾದರೂ ಬಡಿಸುವುದನ್ನು ನಿಲ್ಲಿಸುತ್ತಾರೆಯೇ? ನಮಗೆ ಕೆಡುಕು ಅನಿಸಬಾರದೆಂದು ಪಾಪ ತುಂಗವ್ವ ಹಾಗೆ ಹೇಳುತ್ತಾಳೆ, ಅಷ್ಟೂ ತಿಳಿಯುವುದಿಲ್ಲವೇ ಎಂದಳು. ಮೂವತ್ತು ವರ್ಷ ಖಾನಾವಳಿ ನಡೆಸಿದವಳು ಅವಳು.

ಡಾಕ್ಟರ್ ತಾಳ್ಮೆ ಕಳೆದುಕೊಂಡರು. ನಲವತ್ತೈದು ನಿಮಿಷಕ್ಕೆ ಆಟ ತಾನಾಗಿಯೇ ನಿಲ್ಲುವಂತೆ ಇರ್ಫಾನನಿಂದ ಮಾಡಿಸಿದರು. ಮಾತಿನ ನಡುವೆ, ಕೈಯಲ್ಲಿ ಶೇಂಗಾ ಹಿಡಿದಿರುವಾಗಲೇ ತುಂಗವ್ವ ಮಾಯವಾದಳು. ಅದರ ಮರುದಿನ ಗೋಡೆಯ ಮೇಲೆ ಹಸಿರು ಬಹಳ ಕಡಿಮೆ ಇತ್ತು. ಹದಿನಾಲ್ಕು ಜನ ಆಟ ತೆರೆಯಲೇ ಇಲ್ಲ. ಅಕ್ಕ ಗವಸನ್ನೂ ಕನ್ನಡಕವನ್ನೂ ಟವೆಲಿನಲ್ಲಿ ಸುತ್ತಿ ಟ್ರೆಜರಿಯೊಳಗೆ, ಅಂದರೆ ಉಕ್ಕಿನ ಕಪಾಟಿನೊಳಗೆ, ಇಟ್ಟು ಬಾಗಿಲು ಹಾಕಿದ್ದಳು. ಇನ್ನು ಮುಟ್ಟುವುದಿಲ್ಲ, ಕೈ ಹೋದರೆ ಹೋಗಲಿ ಎಂದು ಅಳುತ್ತ ಕೂತಿದ್ದಾಳೆಂದು ಮಾಮಾ ತಿಳಿಸಿದರು.

ಶುಕ್ರವಾರ ಡಾಕ್ಟರ್ ನಮ್ಮನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು. ಸೋಮವಾರ ಪರಿಶೀಲನೆಯವರು ಬರುತ್ತಾರೆ. ಹೀಗೇ ಇದ್ದರೆ ಪ್ರಯೋಗ ನಿಲ್ಲುತ್ತದೆ, ಗವಸುಗಳನ್ನು ವಾಪಸು ಪಡೆಯುತ್ತಾರೆ. ಮತ್ತೆ ಶುರುವಾಗುವ ಹೊತ್ತಿಗೆ ಈ ರೋಗಿಗಳ ಆರು ತಿಂಗಳು ಮುಗಿದಿರುತ್ತದೆ. ನನ್ನ ಮುಖ ನೋಡದೆ ಹೇಳಿದರು, ಅವರು ಸಜ್ಜನರು. ಆದರೆ ಕೋಣೆಯಲ್ಲಿದ್ದ ಎಲ್ಲರಿಗೂ ಯಾರ ಸಾಲಿನಿಂದ ಇದೆಲ್ಲ ಆಯಿತೆಂದು ಗೊತ್ತಿತ್ತು. ನನಗೆ ನಾಚಿಕೆಗಿಂತ ಭಯವೇ ಹೆಚ್ಚಾಗಿತ್ತು. ಅಕ್ಕ ಎಡಗೈಯಿಂದ ಅನ್ನ ಕಲಸಲಾಗದೆ, ಮಾಮಾ ತುತ್ತು ಇಡುವಾಗ ಗೋಡೆಯ ಕಡೆ ತಿರುಗುವುದನ್ನು ನೋಡಿದ್ದೆ.

ಅಂದು ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಚಹಾ ಕುಡಿದು ಎದ್ದೆ. ಬಾಗಿಲ ತನಕ ಹೋದವಳನ್ನು ಅಕ್ಕ ಹಿಂದಿನಿಂದ ಕರೆದಳು. "ಶಕ್ಕೂ, ಕುಂಕುಮ ಹಚಕೊಂಡು ಹೋಗ. ದೇವರ ಜಗಲಿ ಮ್ಯಾಲೆ ಭರಣಿ ಐತಿ."

ಹೇಳಿ ಮುಖ ಆಚೆ ತಿರುಗಿಸಿದಳು. ಮೊದಲಾದರೆ ಅವಳೇ ಎದ್ದು ಬಂದು ಉಂಗುರ ಬೆರಳಿನಿಂದ ಹಣೆಗೆ ಹಚ್ಚುತ್ತಿದ್ದಳು, ನಾನು ಅವಳಿಗೆ ಹಚ್ಚುತ್ತಿದ್ದೆ. ಮನೆಗೆ ಬಂದ ಯಾವ ಹೆಣ್ಣುಮಗಳನ್ನೂ ಅವಳು ಹಾಗೇ ಕಳಿಸಿದವಳಲ್ಲ. ಈಗ ಬಲಗೈ ಏಳುವುದಿಲ್ಲ, ಎಡಗೈಯಿಂದ ಹಚ್ಚುವ ರೂಢಿಯಿಲ್ಲ. ನಾಲ್ಕು ತಿಂಗಳಿಂದ ಬಂದವರೆಲ್ಲ ತಾವೇ ಹಚ್ಚಿಕೊಂಡು ಹೋಗುತ್ತಿದ್ದರು.

ಭರಣಿಯ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತೆನೋ ತಿಳಿಯದು. ನಮ್ಮ ಹೆಂಗಸರು ಬೇರೆಯವರ ಮನೆಯಿಂದ ಸುಮ್ಮನೆ ಎದ್ದು ಬರುವುದಿಲ್ಲ. ಮನೆಯವಳು ಕುಂಕುಮದ ಭರಣಿ ತಂದಾಗ ಹೊರಡಬಹುದೆಂದು ತಿಳಿಯುತ್ತದೆ. ಅಲ್ಲಿಯವರೆಗೆ ಕೂತಿರುತ್ತಾರೆ. ನನ್ನ ತುಂಗವ್ವ ಅತಿಥಿಗಳನ್ನು ಕರೆದಳು, ಕೂರಿಸಿದಳು, ನಗಿಸಿದಳು, ಕಳಿಸುವುದನ್ನು ಮಾತ್ರ ನಾನು ಅವಳಿಗೆ ಕಲಿಸಿರಲಿಲ್ಲ. ಕಳಿಸುವ ಜಾಗದಲ್ಲಿ ಒಂದು ಸ್ವಿಚ್ಚು ಇಟ್ಟು, ಮೇಲೊಂದು ಜಾಣ ಮಾತು ಬರೆದಿದ್ದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಇರ್ಫಾನನ ಎದುರು ಕೂತೆ. ಅವನು ಎಲ್ಲ ಕೇಳಿಸಿಕೊಂಡು, ತನ್ನ ಅಮ್ಮನೂ ಯಾರ ಮನೆಯಿಂದಲೂ ಅತ್ತರು ಹಚ್ಚಿಸಿಕೊಳ್ಳದೆ ಏಳುವವರಲ್ಲ ಎಂದ. ಆಟ ತಾನಾಗಿ ನಿಲ್ಲುವುದನ್ನು ತೆಗೆದುಹಾಕಿ, ತುಂಗವ್ವ ಏನು ಹಚ್ಚಿ ಕಳಿಸಬೇಕೆಂದು ಆಡುವವರೇ ಮೊದಲ ದಿನ ಆರಿಸಲಿ ಎಂದು ತೀರ್ಮಾನಿಸಿದೆವು: ಕುಂಕುಮ, ವಿಭೂತಿ, ಅತ್ತರು, ಗಂಧ. ಗಂಡನಿಲ್ಲದವರಿಗೂ ತುಂಗವ್ವ ಕುಂಕುಮದ ಭರಣಿ ಹಿಡಿಯಬೇಕು, ಬೇಕೋ ಬೇಡವೋ ಅವರೇ ಹೇಳಲಿ ಎಂಬುದು ನನ್ನ ಹಟ. ಹಚ್ಚಿದ ಮೇಲೆ ತುಂಗವ್ವ ತಾನೂ ಹಣೆ ಬಗ್ಗಿಸುತ್ತಾಳೆ, ಅತಿಥಿ ತಿರುಗಿ ಹಚ್ಚಬೇಕು. ಇಲ್ಲಿ ಇರ್ಫಾನ್ ನಿಲ್ಲಿಸಿದ. ಒಂದೇ ಬೆರಳನ್ನು ಬಿಡಿಸಿ, ಅದ್ದಿ, ತೋಳೆತ್ತಿ ಎದುರಿನವರ ಹಣೆಗೆ ಮುಟ್ಟಿಸುವುದು ಹನ್ನೆರಡನೆಯ ವಾರದ ಪಾಠ, ಇವರು ಇನ್ನೂ ಐದರಲ್ಲಿದ್ದಾರೆ ಎಂದ. ಗವಸು ಎಷ್ಟು ಬೇಕೋ ಅಷ್ಟು ನೆರವಾಗಲಿ, ತಪ್ಪಿದರೆ ತಪ್ಪಲಿ, ಎಲ್ಲಿ ಬಿದ್ದರೂ ತುಂಗವ್ವ ಒಪ್ಪಿಕೊಳ್ಳುತ್ತಾಳೆ ಎಂದೆ.

ಉಳಿದದ್ದು ಮಾತು. ಬಂದ್ ಮಾಡಿದ ಮೇಲೂ ನಾನು ಇಲ್ಲೇ ಇರುತ್ತೇನೆ ಎಂದು ಬರೆದಿದ್ದರೆ ಸುಲಭವಾಗುತ್ತಿತ್ತು. ಬರೆಯಲು ಮನಸ್ಸಾಗಲಿಲ್ಲ. ಈ ಹೆಂಗಸು ಮೊದಲ ದಿನದಿಂದ ಯಾರಿಗೂ ಸುಳ್ಳು ಹೇಳಿದವಳಲ್ಲ, ಜನ ಅವಳನ್ನು ಹಚ್ಚಿಕೊಂಡದ್ದೇ ಅದಕ್ಕೆ. ನಿಜವಾಗಿ ನಾಳೆಗೆ ಉಳಿಯುವುದು ಏನಾದರೂ ಇದೆಯೇ ಎಂದು ಇರ್ಫಾನನನ್ನು ಕೇಳಿದೆ. ಆಟ ನಿಂತಾಗ ತುಂಗವ್ವ ಉಳಿಯುವುದಿಲ್ಲ, ಆದರೆ ಬರೆದಿಟ್ಟ ಅಂಕೆಗಳು ಉಳಿಯುತ್ತವೆ ಎಂದ. ಹಾಗಾದರೆ ಆ ಕುಂಕುಮ ಬಿದ್ದ ಜಾಗವನ್ನು ಬರೆದಿಡು ಎಂದೆ.

ಭಾನುವಾರ ಅಕ್ಕನಿಗೆ ಹೇಳಿದ್ದು ಒಂದೇ ಮಾತು. ತುಂಗವ್ವ ನಿನಗೊಂದು ಮಾತು ಹೇಳುವುದು ಉಳಿದಿದೆಯಂತೆ, ಕೇಳಿಕೊಂಡು ಬಾ.

ಸೋಮವಾರ ನಿಯಂತ್ರಣ ಕೋಣೆಯಲ್ಲಿ ಪರಿಶೀಲನೆಯ ಇಬ್ಬರು ಹಿಂದಿನ ಕುರ್ಚಿಗಳಲ್ಲಿ ಕೂತಿದ್ದರು. ಒಂಬತ್ತೂವರೆಗೆ ದೀಪಗಳು ಒಂದೊಂದಾಗಿ ಹತ್ತತೊಡಗಿದವು. ಹತ್ತಕ್ಕೆ ಮೂವತ್ತೊಂದು ಹಸಿರಾದವು. ಇಪ್ಪತ್ತೆರಡು ಆರಿಯೇ ಇತ್ತು. ನಾನು ಬೇರೆ ಯಾವ ದೀಪವನ್ನೂ ನೋಡುತ್ತಿರಲಿಲ್ಲ. ಟ್ರೆಜರಿಯ ಬಾಗಿಲನ್ನೂ ಅದರೊಳಗಿನ ಟವೆಲಿನ ಗಂಟನ್ನೂ ನೆನೆಯುತ್ತ ನಿಂತಿದ್ದೆ. ಹತ್ತೂ ಹತ್ತಕ್ಕೆ ಇಪ್ಪತ್ತೆರಡು ಹಸಿರಾಯಿತು.

ಇರ್ಫಾನ್ ಅವಳ ಆಟವನ್ನು ದೊಡ್ಡ ಪರದೆಗೆ ತಂದ. ಹೀಗೆ ನೋಡಲು ರೋಗಿಗಳ ಒಪ್ಪಿಗೆ ಮೊದಲೇ ಇತ್ತು. ಅಕ್ಕ ಬಹಳ ಹೊತ್ತು ಶೇಂಗಾ ಮುಟ್ಟಲಿಲ್ಲ. ಮೊನ್ನೆ ಮಾತಿನ ನಡುವೆ ಹಾಗಾಯಿತು, ತನ್ನ ತಪ್ಪಲ್ಲ ಎಂದು ತುಂಗವ್ವನಿಗೆ ಸಮಜಾಯಿಷಿ ಕೊಟ್ಟಳು. ಆಮೇಲೆ ಕೆಲಸಕ್ಕೆ ತೊಡಗಿದಳು. ನಲವತ್ತನೆಯ ನಿಮಿಷಕ್ಕೆ ತುಂಗವ್ವ ಕಿಟಕಿಯ ಬಿಸಿಲು ನೋಡಿ, ಸೆರಗು ಕೊಡವಿ ಎದ್ದಳು. ಜಗಲಿಯಿಂದ ಭರಣಿ ತಂದಳು. "ನಿಮಗೂ ಮನಿ ಐತಿ, ಹೊತ್ತಾತು. ಹಿತ್ತಲ ಬಾಗಲದ ಹಿಂದ ಏನೂ ಇಲ್ಲಂತ ನಿಮಗ ಮೊದಲ ಹೇಳೀನಿ. ನಾನೂ ಹಂಗ. ಆದರ ನೀವು ಹಚ್ಚಿದ ಕುಂಕುಮ ಇರತೈತಿ. ನಾಳೆ ಬಂದು ನೋಡ್ರಿ."

ಹೇಳಿ ಅಕ್ಕನ ಹಣೆಗೆ ಹಚ್ಚಿದಳು, ಹಚ್ಚಿ ತನ್ನ ತಲೆ ಬಗ್ಗಿಸಿದಳು.

ಅಕ್ಕನ ಕೈ ಎದ್ದಿತು, ಎದೆಯ ಮಟ್ಟಕ್ಕೆ ಬಂದು ಕುಸಿಯಿತು. ಮತ್ತೆ ಎದ್ದಿತು, ಭರಣಿಗೆ ಬೆರಳು ತಾಗಿ ಮತ್ತೆ ಕುಸಿಯಿತು. ಮೂರನೆಯ ಸಲ ಉಂಗುರ ಬೆರಳು ಒಂದೇ ಬಿಡಿಸಿಕೊಂಡು, ನಡುಗುತ್ತ ನಡುಗುತ್ತ ಮೇಲೆ ಹೋಗಿ ತುಂಗವ್ವನ ಎಡಹುಬ್ಬಿನ ಮೇಲೆ ಒತ್ತಿತು. ಗವಸು ಕೊಟ್ಟ ಬಲ ನೂರಕ್ಕೆ ನಲವತ್ತು ಎಂದು ಇರ್ಫಾನ್ ಓದಿದ. ಉಳಿದ ಅರವತ್ತು ಅವಳದೇ. "ಹೋಗಿ ಬರ್ರಿ" ಎಂದಳು ತುಂಗವ್ವ. ನಲವತ್ತೈದು ನಿಮಿಷ ತುಂಬುವುದರೊಳಗೆ, ಯಾರೂ ಹೇಳದೆ, ಇಪ್ಪತ್ತೆರಡನೆಯ ದೀಪ ಆರಿತು. ಡಾಕ್ಟರ್ ಶಿರಹಟ್ಟಿ ತಮ್ಮ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಮರುದಿನ ಬೆಳಿಗ್ಗೆ ಅಕ್ಕ ಒಳಹೋಗುವಾಗ ತುಂಗವ್ವನ ಎಡಹುಬ್ಬಿನ ಮೇಲೆ ಕುಂಕುಮ ಹಾಗೇ ಇತ್ತು. ಅಕ್ಕ ನಕ್ಕುಬಿಟ್ಟಳು. ಅಂದಿನಿಂದ ದಿನಾಲೂ ಆ ಗುರುತು ಕೂದಲೆಳೆಯಷ್ಟು ನಡುವಿಗೆ ಸರಿಯಿತು. ಪರಿಶೀಲನೆಯವರು ಪ್ರಯೋಗವನ್ನು ನಿಲ್ಲಿಸಲಿಲ್ಲ. ಯಾರ ಕೈ ಎಷ್ಟು ಸುಧಾರಿಸಿತೆಂದು ಅಳೆಯಲು ಡಾಕ್ಟರ್ ಈಗ ತುಂಗವ್ವನ ಹಣೆಯನ್ನೇ ನೋಡುತ್ತಾರೆ.

ಹನ್ನೆರಡನೆಯ ವಾರ ಮುಗಿದು ಗವಸನ್ನು ವಾಪಸು ಪಡೆಯಲು ನಾನೇ ಹೋದೆ. ಒಲೆಯ ಮುಂದೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಸಪ್ಪಳ ಮೊದಲಿನಷ್ಟು ಚುರುಕಾಗಿರಲಿಲ್ಲ, ರೊಟ್ಟಿಗೂ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮಾಮಾ ಅದನ್ನೇ ಹೆಮ್ಮೆಯಿಂದ ಗಿರಾಕಿಗಳಿಗೆ ಬಡಿಸುತ್ತಿದ್ದರು. ಗವಸು ಮತ್ತು ಕನ್ನಡಕವನ್ನು ಅವಳು ತೊಳೆದ ಟವೆಲಿನಲ್ಲಿ ಸುತ್ತಿ ಕೊಟ್ಟಳು. ತುಂಗವ್ವನಿಗೆ ನಿನ್ನೆಯೇ ಹೇಳಿ ಬಂದಿದ್ದೇನೆ ಎಂದಳು. ನಾನು ತಡೆಯಲಾರದೆ ಕೇಳಿದೆ, ಅಲ್ಲಿ ಯಾರೂ ಇಲ್ಲವೆಂದು ನಿನಗೆ ಗೊತ್ತೇ ಇರಲಿಲ್ಲವೇ ಅಕ್ಕ?

"ಆಕಿ ಇಲ್ಲಂತ ಗೊತ್ತಿತ್ತ. ಮೊದಲನೇ ದಿನಾನ ಗೊತ್ತಿತ್ತ. ನಾ ಇದ್ದೆನಲ್ಲ, ಹೇಳದ ಎದ್ದು ಬರಾಕ ನನಗ ಆಗಬೇಕಲ್ಲ."

ನಾನು ಚೀಲ ಎತ್ತಿಕೊಂಡೆ. ಬಾಗಿಲ ತನಕ ಹೋದವಳನ್ನು ಅಕ್ಕ ನಿಲ್ಲಿಸಿದಳು. ಹಿಟ್ಟಿನ ಕೈ ತೊಳೆದು, ಜಗಲಿಯಿಂದ ತಾನೇ ಭರಣಿ ತಂದಳು. ಎಡಗೈಯಲ್ಲಿ ಭರಣಿ, ಬಲಗೈಯ ಉಂಗುರ ಬೆರಳು ಅದರೊಳಗೆ. ನಾನು ತಲೆ ಬಗ್ಗಿಸಿದೆ. ಬೆರಳು ಸ್ವಲ್ಪ ನಡುಗುತ್ತಲೇ ಬಂದು ಹಣೆಗೆ ಒತ್ತಿತು. ಅಕ್ಕ ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಒಂಚೂರು ಎಡಕ್ಕೆ ಹೋಗಿತ್ತು. ಸರಿಮಾಡಲು ಎಂದು ಎತ್ತಿದ ಕೈಯನ್ನು ಹಾಗೇ ಇಳಿಸಿದಳು.

"ಇರಲಿ" ಎಂದಳು. "ನಾಳೆ ಬಾ, ನೋಡೂಣು."